ಏಕಾದಶಿಯ ಮಾತ್ರೆಗೊಂದು ಚಿತ್ರ

ಕಳೆದ ವಾರ ದೇವರ ಕೋಣೆಯ ಅಟ್ಟದಿಂದ ಹಳೆಯ ಪಂಚಾಂಗಗಳ ಪೆಟ್ಟಿಗೆಯನ್ನು ಇಳಿಸಿದೆ. ವರ್ಷ ಕಳೆದ ಪಂಚಾಂಗವನ್ನು ಎಸೆಯಬಾರದೆಂದು ನಮ್ಮ ತೀರ್ಥರೂಪರು ಹೇಳುತ್ತಿದ್ದರು. ಏಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೆದ್ದಲು ಇದುವರೆಗೆ ಎಷ್ಟು ಸಂವತ್ಸರಗಳನ್ನು ಮುಗಿಸಿದೆಯೆಂದು ನೋಡುವುದಷ್ಟೇ ನನ್ನ ಉದ್ದೇಶವಾಗಿತ್ತು. ಪೆಟ್ಟಿಗೆಯ ತಳದಲ್ಲಿ, ಹಳೆಯ ಪಾಣಿಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಚಪ್ಪಟೆ ಗಾಜಿನ ಬಾಟಲಿ ಸಿಕ್ಕಿತು. ಅದರ ಒಂದು ಮಗ್ಗುಲಿಗೆ ಕುತ್ತಿಗೆಯಿಂದ ಬುಡದವರೆಗೆ ಒಂದು ಕಾಗದದ ಪಟ್ಟಿ ಅಂಟಿಕೊಂಡಿತ್ತು. ಬಣ್ಣ ಹಳದಿಗೆ ತಿರುಗಿತ್ತು. ಪಟ್ಟಿಯ ಎರಡೂ ಅಂಚಿನಲ್ಲಿ ಸಮದೂರದ ಕಚ್ಚುಗಳು.

ಅರುವತ್ತು ದಾಟಿದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಆ ಕಾಲದಲ್ಲಿ ಮದ್ದು ಎಂದರೆ ಹೆಚ್ಚಾಗಿ ನೀರುಮದ್ದು. ದವಾಖಾನೆಗೆ ಹೋಗುವಾಗ ಬಾಟಲಿಯನ್ನು ನಾವೇ ಬಿಸಿನೀರಿನಲ್ಲಿ ತೊಳೆದು ಒಯ್ಯಬೇಕು. ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ, ಚೀಟಿ ಬರೆದುಕೊಟ್ಟರೆ ಪಕ್ಕದ ಕಿಂಡಿಯೊಳಗೆ ಕುಳಿತ ಕಂಪೌಂಡರು ದೊಡ್ಡ ಜಾಡಿಯಿಂದ ಮದ್ದನ್ನು ಅಳೆದು ಬಾಟಲಿಗೆ ಹೊಯ್ಯುವರು. ಕುಂದಾಪುರದ ಆ ದವಾಖಾನೆಯಲ್ಲಿ ಶೇಷಣ್ಣ ಎಂಬವರು ಕಂಪೌಂಡರಾಗಿದ್ದರು. ಮದ್ದು ಹೊಯ್ದ ಮೇಲೆ ಅವರು ಒಂದು ಕಾಗದದ ಪಟ್ಟಿಯನ್ನು ತೆಗೆದುಕೊಂಡು, ಉದ್ದಕ್ಕೆ ಒಮ್ಮೆ ಮಡಚಿ, ಅಡ್ಡಕ್ಕೆ ಮೂರು ಸಲ ಮಡಚಿ, ಕತ್ತರಿಯನ್ನು ಒಂದೇ ಒಂದು ಸಲ ಆಡಿಸುವರು. ಬಿಡಿಸಿದರೆ ಕಚ್ಚುಗಳ ಸಾಲು. ಅದಕ್ಕೆ ಮೈದಾಹಿಟ್ಟಿನ ಅಂಟು ಸವರಿ ಬಾಟಲಿಗೆ ಹಚ್ಚಿದರೆ ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಮದ್ದು. ಹೇಳುವುದೂ ಇಲ್ಲ, ಬರೆಯುವುದೂ ಇಲ್ಲ.

ನಮ್ಮ ಅಮ್ಮನಿಗೆ ಅಕ್ಷರ ಬಾರದು. ಆದರೆ ಆಕೆ ಬಾಟಲಿಯನ್ನು ಹೆಬ್ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಹೆಬ್ಬೆರಳನ್ನು ಕಚ್ಚಿಗೆ ಒತ್ತಿ, ಮಗುವಿಗೆ ಹಾಲು ಕುಡಿಸುವ ಒಳಲೆಗೆ ಮದ್ದು ಬಗ್ಗಿಸುವಾಗ ಒಂದು ಹನಿ ಹೆಚ್ಚುಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಮದ್ದಿನ ಬಣ್ಣಕ್ಕೂ ಒಂದು ಮಹಿಮೆಯಿತ್ತು. ಕೆಂಪು ಮದ್ದು ಕಂಡೊಡನೆ ನನ್ನ ಜ್ವರ ಅರ್ಧ ಇಳಿಯುತ್ತಿತ್ತು. ಹಸುರಿನದು ಕಂಡರೆ ಹೊಟ್ಟೆನೋವು ಇದ್ದದ್ದೂ ಇಲ್ಲವೆಂದು ಸಾಧಿಸುತ್ತಿದ್ದೆ. ಎರಡರ ರುಚಿಯಲ್ಲಿ ಹೇಳಿಕೊಳ್ಳುವಂಥ ಭೇದವಿರಲಿಲ್ಲವೆಂದು ಈಗ ಅನ್ನಿಸುತ್ತದೆ. ನನಗಿಂತ ಆರು ವರ್ಷ ಹಿರಿಯಳಾದ ಅಕ್ಕ ದಾಸವಾಳದ ಹೂವನ್ನು ನೀರಿನಲ್ಲಿ ಕಿವುಚಿ ಕೆಂಪು ಮದ್ದು ಮಾಡುವಳು. ಹಳೆಯ ನೋಟುಪುಸ್ತಕದ ಹಾಳೆಯಲ್ಲಿ ಕಚ್ಚು ಪಟ್ಟಿ ಕತ್ತರಿಸುವಳು. ಹಟ್ಟಿಯ ಕರುವಿಗೆ ನಾವಿಬ್ಬರೂ ಹೊತ್ತುಹೊತ್ತಿಗೆ ಚಿಕಿತ್ಸೆ ನಡೆಸುತ್ತಿದ್ದೆವು. ಕರು ಆರೋಗ್ಯವಾಗಿಯೇ ಇತ್ತು, ಆರೋಗ್ಯವಾಗಿಯೇ ಉಳಿಯಿತು. ಆದುದರಿಂದ ನಮ್ಮ ಕೀರ್ತಿಗೆ ಕುಂದು ಬರಲಿಲ್ಲ. ಅಕ್ಕನನ್ನು ಮೂರನೆಯ ತರಗತಿಗೆ ಶಾಲೆ ಬಿಡಿಸಿದರು. ನಾನು ಸಂಸ್ಕೃತ ಕಲಿತು, ಪಂಡಿತನೆನಿಸಿಕೊಂಡು, ಮೂವತ್ತು ವರ್ಷ ಮಕ್ಕಳಿಗೆ ಶಬ್ದಗಳನ್ನು ಬಾಯಿಪಾಠ ಮಾಡಿಸಿದೆ.

ಬಾಟಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಾಗ ಸೊಸೆ ಸುಮನಾ ಕೆಲಸಕ್ಕೆ ಹೊರಟಿದ್ದಳು. ಕುಂದಾಪುರದ ಒಂದು ಮುದ್ರಣದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಆಮಂತ್ರಣ ಪತ್ರಿಕೆ, ಕರಪತ್ರ, ಫ್ಲೆಕ್ಸ್ ಮುಂತಾದವನ್ನು ವಿನ್ಯಾಸ ಮಾಡುವುದು ಅವಳ ವೃತ್ತಿ. ಚಪ್ಪಲಿ ಮೆಟ್ಟಿದವಳು ಮತ್ತೆ ಬಿಟ್ಟು ಬಂದು, ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಮಾಡಿದವರು ತಮ್ಮ ಅಂಗಡಿಯ ಎಲ್ಲರಿಗಿಂತ ಬುದ್ಧಿವಂತರು ಎಂದಳು. ಅವಳ ಬಸ್ಸು ತಪ್ಪಿತು. ನನಗೆ ಮಾತ್ರ ಕಳೆದ ವರ್ಷದ ಮಳೆಗಾಲದ ಸಂಗತಿಯೆಲ್ಲ ಒಮ್ಮೆಗೇ ನೆನಪಿಗೆ ಬಂದು, ಪಂಚಾಂಗ, ಗೆದ್ದಲು ಎರಡನ್ನೂ ಮರೆತು ಜಗಲಿಯಲ್ಲಿ ಕುಳಿತುಬಿಟ್ಟೆ.

ಅದನ್ನು ಹೇಳುವ ಮೊದಲು ನನ್ನ ಒಂದು ಅಹಂಕಾರವನ್ನು ಒಪ್ಪಿಕೊಳ್ಳಬೇಕು. ಅಕ್ಷರಕ್ಕೆ ಕ್ಷಯವಿಲ್ಲವೆಂದು ನಂಬಿ ಬೆಳೆದವನು ನಾನು. ವಿಷಯ ಶುದ್ಧವಾಗಿ ಬರೆದಿದ್ದರೆ ಸಾಕು, ಬಣ್ಣ, ಬಳ್ಳಿ, ಅಂಚು, ಚಿತ್ತಾರ ಇವೆಲ್ಲ ಓದಲು ಆಲಸ್ಯವಿದ್ದವರಿಗೆ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಸೊಸೆಯ ವೃತ್ತಿಯನ್ನು ನಾನು ತಿರಸ್ಕರಿಸಲಿಲ್ಲ. ಆದರೆ ಅದನ್ನು ಮದುವೆಮನೆಯ ಮಂಟಪ ಕಟ್ಟುವ ಕೆಲಸದ ಸಾಲಿಗೆ ಸೇರಿಸಿದ್ದೆ.

ಅಮ್ಮನನ್ನು ನೆನೆದಿದ್ದರೆ ಅಂದೇ ಬುದ್ಧಿ ಬರಬೇಕಿತ್ತು. ಮನೆಗೆ ಕಾಗದ ಬಂದರೆ ಅಮ್ಮ ಮೊದಲು ಅದರ ನಾಲ್ಕು ಮೂಲೆಗಳನ್ನು ನೋಡುವಳು. ಮೂಲೆಗೆ ಅರಸಿನ ಹಚ್ಚಿದ್ದರೆ ಮುಖ ಅರಳುವುದು. ಯಾರ ಮನೆಯ ಮದುವೆ, ಎಲ್ಲಿ, ಎಂದು ಎಂಬುದೆಲ್ಲ ಆಮೇಲಿನ ಮಾತು. ಅರಸಿನವಿಲ್ಲದ ಕಾಗದ ಕಂಡರೆ ಕೈ ಎದೆಗೆ ಹೋಗುವುದು. ತಂದವರಿಗೆ ನೀರು ಕೊಡುವುದನ್ನೂ ಮರೆತು, ಓದುವವರನ್ನು ಕೂಗಿ ಕರೆಯುವಳು. ಅಕ್ಷರ ತಲುಪುವುದಕ್ಕೆ ಬಹಳ ಮೊದಲೇ ಸುದ್ದಿ ಅವಳ ಎದೆಯನ್ನು ಮುಟ್ಟಿಯಾಗಿರುತ್ತಿತ್ತು. ಈಗ ಸುಮನಾ ಆ ಅರಸಿನವನ್ನು ಕಂಪ್ಯೂಟರಿನಲ್ಲಿಯೇ ಮೂಲೆಗೆ ಮುದ್ರಿಸಿ ಕೊಡುತ್ತಾಳೆ. ಹಿರಿಯರು ಪತ್ರಿಕೆಯ ಕಟ್ಟನ್ನು ಮನೆಗೆ ಒಯ್ದು, ಆ ಮುದ್ರಿತ ಅರಸಿನದ ಮೇಲೆಯೇ ನಿಜವಾದ ಅರಸಿನವನ್ನು ಹಚ್ಚುತ್ತಾರೆ. ಅವಳಿಗೆ ಅದರಿಂದ ಬೇಸರವಿಲ್ಲ. ಎಲ್ಲಿ ಹಚ್ಚಬೇಕೆಂದು ತೋರಿಸಿದಷ್ಟು ಉಪಕಾರ ತನ್ನಿಂದಾಯಿತು ಎನ್ನುತ್ತಾಳೆ.

ಚಿತ್ರವನ್ನು ಓದಲಾರದೆ ನಾನೇ ಕೆಟ್ಟದ್ದೂ ಉಂಟು. ಎರಡು ವರ್ಷದ ಹಿಂದೆ ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಸಾಸ್ತಾನದ ಟೋಲಿನ ಹತ್ತಿರ ಬಸ್ಸು ನಿಂತಾಗ, ರಸ್ತೆ ಬದಿಯ ದೊಡ್ಡ ಫ್ಲೆಕ್ಸಿನಲ್ಲಿ ನಮ್ಮ ಜ್ಞಾತಿಗಳಾದ ರಾಘವೇಂದ್ರಣ್ಣನ ಮುಖ ಕಾಣಿಸಿತು. ಸುತ್ತ ಹೂವಿನ ಮಾಲೆ, ಹಿಂದೆ ಆಕಾಶ, ಆಕಾಶದಲ್ಲಿ ಬಿಳಿ ಮೋಡ, ಮುಖದಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟವರ ಶಾಂತಿ. ಕೆಳಗೇನೋ ಸಣ್ಣ ಅಕ್ಷರವಿತ್ತು. ಕನ್ನಡಕ ಜೇಬಿನಲ್ಲಿತ್ತು. ಜ್ಞಾತಿ ತೀರಿಕೊಂಡ ಸುದ್ದಿ ತಿಳಿದ ಮೇಲೆ ಉಟ್ಟ ಬಟ್ಟೆಯಲ್ಲಿಯೇ ಸ್ನಾನ ಮಾಡಬೇಕೆಂಬುದು ನಿಯಮವಷ್ಟೆ. ಮನೆಗೆ ಬಂದು ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಹಿಂದಿರುಗುತ್ತಿದ್ದಾಗ ಅಂಗಳದಲ್ಲಿ ರಾಘವೇಂದ್ರಣ್ಣನೇ ಸಿಹಿಯ ಪೊಟ್ಟಣ ಹಿಡಿದು ನಿಂತಿದ್ದರು. ಸಹಕಾರಿ ಸಂಘದ ನಿರ್ದೇಶಕರಾಗಿ ಆಯ್ಕೆಯಾದ ಸುದ್ದಿ ಹೇಳಲು ಬಂದಿದ್ದರು. ಈ ಹೊತ್ತಿನಲ್ಲಿ ಏನು ಸ್ನಾನವೆಂದು ಅವರು ಕೇಳಿದರು. ಸೆಕೆ ಎಂದೆ. ಕಾರ್ತಿಕದ ಚಳಿಯಲ್ಲಿ ಹಲ್ಲು ಕಟಕಟಿಸುತ್ತಿತ್ತು. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಅದೇ ಮೋಡ, ಅದೇ ಮಾಲೆ ಹಾಕುವವರಿಂದ ಇಂಥದು ಆಗುತ್ತದೆಯೆಂದು ಸುಮನಾ ತನ್ನ ವೃತ್ತಿಬಾಂಧವರ ಮೇಲೆ ತಪ್ಪು ಹೊರಿಸಿ ನನ್ನ ಮಾನ ಉಳಿಸಿದಳು.

ಇನ್ನು ಅಕ್ಕನ ವಿಷಯ. ಭಾವನವರು ತೀರಿಕೊಂಡ ಮೇಲೆ ಅಕ್ಕ ನಮ್ಮಲ್ಲಿಯೇ ಇದ್ದಾಳೆ. ಬೀಜಾಡಿಯ ಕಡಲಿನ ಸದ್ದು ಮಳೆಗಾಲದಲ್ಲಿ ಕೇಳಿಸುವಷ್ಟು ಸಮೀಪದ ಮನೆ ನಮ್ಮದು. ನಾನು, ಅಕ್ಕ, ಮಗ, ಸೊಸೆ, ಹೀಗೆ ನಾಲ್ವರು. ಅಕ್ಕನಿಗೆ ಎಂಬತ್ತು ದಾಟಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬಣ್ಣ, ಆಕಾರಗಳು ಚೆನ್ನಾಗಿ ಕಾಣಿಸುತ್ತವೆ. ಅಕ್ಷರದ ಗೊಡವೆಯನ್ನು ಆಕೆ ಮೂರನೆಯ ತರಗತಿಯಲ್ಲಿಯೇ ಮುಗಿಸಿದವಳು. ಕಳೆದ ವರ್ಷ ಜ್ಯೇಷ್ಠ ಮಾಸದಲ್ಲಿ ಕುಂದಾಪುರದ ವೈದ್ಯೆಯೊಬ್ಬರು ಪರೀಕ್ಷೆ ಮಾಡಿ, ರಕ್ತದೊತ್ತಡ ಮಿತಿಮೀರಿದೆಯೆಂದು ಹೇಳಿ ಮೂರು ಬಗೆಯ ಮಾತ್ರೆ ಕೊಟ್ಟರು. ಎರಡು ಶಕ್ತಿಯವು. ಒಂದು ಒತ್ತಡದ್ದು, ಅದನ್ನು ಮಾತ್ರ ಒಂದು ದಿನವೂ ತಪ್ಪಿಸಬಾರದು. ಮೂರೂ ಮಧ್ಯಾಹ್ನ ಊಟದ ನಂತರ.

ಮನೆಗೆ ಬಂದು ನೋಡಿದರೆ ಮೂರು ಪಟ್ಟಿಗಳೂ ಒಂದೇ ಬೆಳ್ಳಿ ಬಣ್ಣದವು, ಬೆನ್ನಿನ ಮೇಲೆ ಇರುವೆ ಸಾಲಿನಂಥ ಇಂಗ್ಲಿಷು. ಈ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಒಂದು ಡಬ್ಬಿಯಲ್ಲಿ ಮೂರನ್ನೂ ಇಟ್ಟು, ಮುಚ್ಚಳಕ್ಕೆ ದಪ್ಪ ಕಾಗದ ಹಚ್ಚಿ, ಸುಂದರವಾದ ಅಕ್ಷರಗಳಲ್ಲಿ ‘ಮಧ್ಯಾಹ್ನ ಭೋಜನಾನಂತರ ಸೇವಿಸತಕ್ಕದ್ದು’ ಎಂದು ಬರೆದೆ. ಅಕ್ಕ ಅದನ್ನು ಭಕ್ತಿಯಿಂದ ನೋಡಿ, ಯಾವ ದೇವರ ಸ್ತೋತ್ರವೆಂದು ಕೇಳಿದಳು. ಸುಮನಾ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಮರುದಿನ ಅಂಗಡಿಯಿಂದ ಒಂದು ಚಿತ್ರ ಮುದ್ರಿಸಿ ತಂದಳು. ದುಂಡನೆಯ ತಟ್ಟೆ, ಒಂದು ಬದಿಗೆ ಚಮಚ, ಇನ್ನೊಂದು ಬದಿಗೆ ಮುಳ್ಳುಚಮಚ. ಊಟ ಎಂಬುದಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕುವ ಚಿತ್ರ ಅದಂತೆ.

ಅಕ್ಕ ಆ ಮುಳ್ಳನ್ನು ಬಹಳ ಹೊತ್ತು ನೋಡಿದಳು.

“ಇದೆಂತ ಹೆಣೆ, ಮೀನಿನ ಎಲುಬಾ? ಬೇರೆ ಮನಿಯರಿಗೆ ಮಾಡಿದ್ದನ್ನ ನಂಗ್ ತಂದ್ ಕೊಟ್ಯಾ?”

ಆಗ ನನ್ನ ಪಾಂಡಿತ್ಯ ಜಾಗೃತವಾಯಿತು. ದೇಶಕಾಲಗಳನ್ನರಿಯದ ಚಿತ್ರ ನಿಷ್ಫಲವೆಂದು ಸೊಸೆಗೆ ಒಂದು ಸಣ್ಣ ಉಪನ್ಯಾಸ ಕೊಟ್ಟು, ಬಾಳೆಯೆಲೆಯ ಊಟವನ್ನು ಬರೆಯುವಂತೆ ಹೇಳಿದೆ. ಪಕ್ಕದಲ್ಲಿ ಕುಳಿತು ಒಂದೊಂದನ್ನೂ ಬಡಿಸಿದೆ ಎನ್ನಬೇಕು. ತುದಿ ಎಡಕ್ಕೆ, ಉಪ್ಪು ಮೇಲೆ, ಪಲ್ಯ, ಕೋಸಂಬರಿ, ನಡುವೆ ಅನ್ನ, ಅದರ ಮೇಲೆ ತೊವ್ವೆ, ತುಪ್ಪ, ಒಂದು ಬದಿಗೆ ಪಾಯಸ. ಸುಮನಾ ನಾನು ಹೇಳಿದಂತೆ ಬರೆದಳು. ಚಿತ್ರ ಕಂಡು ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪಾಯಸ ಇಡುವ ಜಾಗ ತಪ್ಪಿದೆ, ಇಷ್ಟು ವರ್ಷ ಸಮಾರಾಧನೆಗಳಲ್ಲಿ ಉಂಡವನಿಗೆ ಅದೂ ಗೊತ್ತಿಲ್ಲವೇ ಎಂದು ನನ್ನನ್ನು ಜರೆದು, ಡಬ್ಬಿಯನ್ನು ಊಟದ ಕೋಣೆಯ ಗೂಡಿನಲ್ಲಿ ತನ್ನ ಮಣೆಯ ನೇರಕ್ಕೆ ಇಟ್ಟುಕೊಂಡಳು. ದಿನವೂ ಎಲೆ ಎತ್ತಿ, ಕೈ ತೊಳೆದು, ಡಬ್ಬಿ ತೆರೆಯುವಳು. ನಾನು ಎರಡು ದಿನ ಗಮನಿಸಿ, ನಿಶ್ಚಿಂತನಾದೆ. ಚಿತ್ರದ ಕೆಲಸವೂ ಶಾಸ್ತ್ರ ತಿಳಿದವನ ಕೈಯಲ್ಲಿ ಹೇಗೆ ಸಾರ್ಥಕವಾಗುತ್ತದೆಂದು ಬಂದವರೊಡನೆ ಹೇಳಿಕೊಂಡದ್ದೂ ಉಂಟು.

ಎರಡು ತಿಂಗಳು ಕಳೆಯಿತು. ಶ್ರಾವಣದ ಒಂದು ದ್ವಾದಶಿಯ ಬೆಳಗ್ಗೆ, ಅಕ್ಕ ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುತ್ತಿದ್ದವಳು ಎರಡನೆಯ ಸುತ್ತಿನಲ್ಲಿ ಕಟ್ಟೆಯನ್ನು ಹಿಡಿದುಕೊಂಡು, ಹಾಗೆಯೇ ಕುಸಿದಳು. ನಾನು ಜಗಲಿಯಲ್ಲಿ ನಿಂತು ಅದನ್ನು ನೋಡಿದೆ. ಓಡಬೇಕೆಂದುಕೊಂಡ ನನ್ನ ಕಾಲುಗಳು ಓಡಲಿಲ್ಲ. ಮಗ, ಸೊಸೆ ಇಬ್ಬರೂ ಎತ್ತಿ ಕಾರಿನಲ್ಲಿ ಮಲಗಿಸಿ ಕುಂದಾಪುರಕ್ಕೆ ಒಯ್ದರು. ಹಣೆಯಲ್ಲಿ ಒಂದು ಗಾಯ, ಒತ್ತಡ ವಿಪರೀತ ಏರಿದೆ. ಮಧ್ಯಾಹ್ನದ ಹೊತ್ತಿಗೆ ಆಕೆ ಕಣ್ಣು ತೆರೆದು, ಪಾರಣೆಯ ಹೊತ್ತು ಮೀರಿತೇ ಎಂದು ಕೇಳಿದಳು.

ವೈದ್ಯೆಗೆ ಅರ್ಥವಾಗಲಿಲ್ಲ. ಮಾತ್ರೆ ಕ್ರಮವಾಗಿ ತೆಗೆದುಕೊಂಡಿದ್ದರೆ ಹೀಗಾಗಬಾರದು ಎಂದರು. ಸುಮನಾ ಡಬ್ಬಿಯನ್ನು ಜೊತೆಗೇ ತಂದಿದ್ದಳು. ಅವರು ಪಟ್ಟಿಗಳನ್ನು ನೋಡಿ, ಪ್ರತಿಯೊಂದರಲ್ಲೂ ಇರಬೇಕಾದುದಕ್ಕಿಂತ ನಾಲ್ಕು ಮಾತ್ರೆ ಹೆಚ್ಚಿಗೆ ಉಳಿದಿವೆ, ಅಜ್ಜಿ ನಡುನಡುವೆ ಮರೆಯುತ್ತಾರೆ, ವಯಸ್ಸಾಯಿತಲ್ಲ ಎಂದರು. ಎರಡು ತಿಂಗಳು, ನಾಲ್ಕು ಪಕ್ಷ, ನಾಲ್ಕು ಮಾತ್ರೆ. ಜೀವಮಾನವಿಡೀ ಪಂಚಾಂಗ ನೋಡಿದವನಿಗೆ ಅದು ಏನೆಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ. ಅಕ್ಕ ಮರೆತಿರಲಿಲ್ಲ. ಒಂದು ಏಕಾದಶಿಯನ್ನೂ ಮರೆತಿರಲಿಲ್ಲ.

ನಾನು ಮಂಚದ ಬಳಿ ಕುಳಿತು ಮೆಲ್ಲನೆ ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಉಣ್ಣದ್ ದಿನ ಉಂಡ್ ಮೇಲಿನ ಮಾತ್ರೆ ತಿಂಬುದ್ ಹ್ಯಾಂಗೆ ತಮ್ಮಾ? ಎಲೆ ಬರ್ಸಿದ್ದ್ ನೀನೇ ಅಲ್ದಾ?”

ಅನ್ನ, ತೊವ್ವೆ, ತುಪ್ಪ, ಪಾಯಸಗಳ ನಡುವೆ ಆ ಮಾತ್ರೆಯೂ ಆಕೆಯ ಪಾಲಿಗೆ ಎಲೆಯ ಮೇಲಿನ ಒಂದು ಪದಾರ್ಥವಾಗಿಹೋಗಿತ್ತು. ನಾನು ಬರೆಸಿದ ಎಲೆ ಅಷ್ಟು ಸಾಂಗವಾಗಿತ್ತು. ಒಂದು ತಟ್ಟೆ, ಒಂದು ಚಮಚ ಇದ್ದಿದ್ದರೆ ಆಕೆ ಅದನ್ನು ನಂಬುತ್ತಲೇ ಇರಲಿಲ್ಲವೇನೋ. ನಂಬುವಂಥ ಚಿತ್ರವನ್ನು ಮಾಡಿಕೊಟ್ಟೆ, ನಂಬಿದಳು, ಬಿದ್ದಳು.

ವೈದ್ಯೆ ಮೃದುವಾಗಿಯೇ ಹೇಳಿದರು. ಈ ಸಲ ಹಣೆಯ ಗಾಯದಲ್ಲಿ ಮುಗಿಯಿತು, ಇನ್ನೊಮ್ಮೆ ಹಾಗೆ ಮುಗಿಯುತ್ತದೆಂದು ತಾನು ಹೇಳಲಾರೆ. ಉಪವಾಸವನ್ನು ಬಿಡುವುದು ಒಳ್ಳೆಯದು ಎಂದರು. ಅಕ್ಕ ಅವರ ಕೈ ಹಿಡಿದುಕೊಂಡು, ಮಾತ್ರೆ ಬಿಟ್ಟರಾಯಿತು ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಸ್ವರ ಏರಿಸದೆ ಹೇಳಿದಳು.

“ಅವ್ರ್ ಹೋದ್ ಮೇಲೆ ನಂದ್ ಅಂದ್ಹೇಳಿ ಇಪ್ಪುದ್ ಇದೊಂದೇ. ಅದನ್ನ ಕೇಳ್ಬೇಡಿ.”

ಭಾವನವರು ತೀರಿಕೊಂಡ ವರ್ಷದಿಂದ ಹಿಡಿದ ವ್ರತ ಅದು. ಬಾಣಂತಿಯರ ಮನೆಯಲ್ಲಿ ದುಡಿಯುವಾಗಲೂ, ಜ್ವರದಲ್ಲಿ ಮಲಗಿದಾಗಲೂ, ಮಕ್ಕಳಿಲ್ಲದ ಆಕೆ ನನ್ನ ಮಗನನ್ನು ಎತ್ತಿ ಆಡಿಸಿ ಬೆಳೆಸುವಾಗಲೂ ಬಿಡಲಿಲ್ಲ. ನೀರು ಕುಡಿಯುತ್ತಾಳೆ, ಬೇರೇನಿಲ್ಲ. ಅದನ್ನು ಬಿಡೆನ್ನುವ ಬಾಯಿ ನನ್ನದಲ್ಲ. ಬಿಡದಿದ್ದರೆ ಮುಂದಿನ ದ್ವಾದಶಿಯನ್ನು ಎಣಿಸುವ ಧೈರ್ಯವೂ ನನ್ನದಲ್ಲ.

ಮದ್ದಿನಿಂದ ವ್ರತಕ್ಕೆ ಭಂಗವಿಲ್ಲವೆಂದು ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾಗಿ ಹೇಳಿದೆ. ವೈದ್ಯೆಯನ್ನು ಕೇಳಿದರೆ, ಒತ್ತಡದ ಮಾತ್ರೆಯನ್ನು ಬರಿ ಹೊಟ್ಟೆಗೆ ನೀರಿನ ಜೊತೆ ತೆಗೆದುಕೊಂಡರೂ ದೋಷವಿಲ್ಲ, ಜನರಿಗೆ ನೆನಪಿರಲೆಂದು ಊಟದ ಹೊತ್ತು ಹೇಳುವುದು, ಬೆಳಗ್ಗೆಯಾದರೂ ಸರಿಯೇ, ಹೊತ್ತು ದಿನವೂ ಒಂದೇ ಇರಬೇಕು ಎಂದರು. ಹಾಗಾದರೆ ಮುಗಿಯಿತಲ್ಲ ಎಂದು ನಾನು ಉತ್ಸಾಹದಿಂದ ಮನೆಗೆ ಬಂದು, ಅಕ್ಕನಿಗೆ ಶಾಸ್ತ್ರವನ್ನು ಅರ್ಥಸಹಿತ ನಿರೂಪಿಸಿದೆ. ಆಕೆ ತಲೆದೂಗುತ್ತ ಪೂರ್ತಿ ಕೇಳಿದಳು. ಕೇಳಿದ ಮೇಲೆ ಊಟದ ಕೋಣೆಯ ಗೂಡಿನ ಕಡೆ ಕೈ ತೋರಿಸಿದಳು.

“ನಿನ್ ಶಾಸ್ತ್ರ ನೀನ್ ಮಾತಾಡುವಷ್ಟ್ ಹೊತ್ತ್ ಇರತ್ತ್. ಎಲೆ ಅಲ್ಲೇ ಇರತ್ತ್, ಕಣ್ಣೆದ್ರಿಗೆ.”

ಅಂದರೆ ಎಲೆಯನ್ನು ತೆಗೆಯಬೇಕು. ಅದರ ಜಾಗದಲ್ಲಿ ಇನ್ನೇನಿಡಬೇಕು? ಮುಂದಿನ ಏಕಾದಶಿಗೆ ಹನ್ನೆರಡು ದಿನವಿತ್ತು. ನಾನು ತಡಮಾಡದೆ ಬೆಳಗಿನ ಗುರುತಾಗಿ ಉದಯಿಸುವ ಸೂರ್ಯನನ್ನು ಬರೆಸಿದೆ. ನಮ್ಮ ಕಡೆಯ ಶ್ರಾವಣದಲ್ಲಿ ಸೂರ್ಯನು ಎಷ್ಟರಮಟ್ಟಿಗೆ ವಿಶ್ವಾಸಾರ್ಹನೆಂಬುದನ್ನು ನಾನು ಯೋಚಿಸಬೇಕಿತ್ತು. ನಾಲ್ಕು ದಿನ ಮುಖವನ್ನೇ ತೋರಿಸಲಿಲ್ಲ. ಅಕ್ಕ ಜಗಲಿಯಲ್ಲಿ ಕುಳಿತು ಆಕಾಶ ನೋಡಿ, ಚಿತ್ರದವನು ಇನ್ನೂ ಎದ್ದಿಲ್ಲ, ತಾನು ಮಾತ್ರ ಏಕೆ ಅವಸರ ಮಾಡಬೇಕೆಂದು ಕೇಳುವಳು. ನಾವೇ ನೆನಪಿಸಿ ಕೊಟ್ಟೆವು. ಆದರೆ ಮಗ ಬೆಳಗ್ಗೆ ಏಳಕ್ಕೆ ಪಾಠ ಹೇಳಲು ಬ್ರಹ್ಮಾವರದ ಶಾಲೆಗೆ ಹೊರಡುತ್ತಾನೆ, ಸೊಸೆ ಅಂಗಡಿಗೆ, ನಾನು ಜಪಕ್ಕೆ ಕುಳಿತರೆ ಲೋಕವನ್ನೇ ಮರೆಯುವವನು. ಒಬ್ಬರು ನೆನಪಿಸಿದ್ದರಿಂದ ನಡೆಯುವುದು ಎಷ್ಟು ದಿನ?

ಆ ಆದಿತ್ಯವಾರ ಸುಮನಾ ಎಲ್ಲಿಗೂ ಹೋಗಲಿಲ್ಲ. ಬೆಳಗಿನ ಜಾವದಿಂದ ಅಕ್ಕನ ಹಿಂದೆಯೇ ಏನಾದರೂ ಕೆಲಸ ಹಚ್ಚಿಕೊಂಡು ಸುಳಿದಾಡುತ್ತಿದ್ದಳು. ಒಮ್ಮೆ ಅಲಸಂದೆ ಹೆಚ್ಚುವುದು, ಒಮ್ಮೆ ಬತ್ತಿ ಹೊಸೆಯುವುದು. ಅಕ್ಕನನ್ನೇ ಕೇಳಿಬಿಟ್ಟರೆ ಆಗದೇ, ಯಾವ ಚಿತ್ರ ಬೇಕೆಂದು ಹೇಳುತ್ತಾಳೆ ಎಂದು ನಾನೆಂದೆ.

“ಕೇಳಿದ್ರೆ ದೊಡ್ಡತ್ತೆ ನಂಗೆ ಖುಷಿ ಆಪು ಉತ್ತರ ಕೊಡ್ತ್ರ್ ಮಾವ. ಸುಮ್ನೆ ಕಾಂಬ.”

ಸಂಜೆ ಅವಳು ನನ್ನ ಮುಂದೆ ಕುಳಿತು, ತಾನು ಕಂಡುದನ್ನು ಹೇಳಿದಳು. ದೊಡ್ಡತ್ತೆ ಗಡಿಯಾರ ನೋಡುವುದಿಲ್ಲ. ಬೆಳಗಿನ ಕಾಫಿ ಏಕಾದಶಿಗೆ ಇಲ್ಲ. ಹೂ ಕೊಯ್ಯುವುದು ಮಳೆ ಜೋರಾದರೆ ತಪ್ಪುತ್ತದೆ. ರಂಗೋಲಿಯೂ ಹಾಗೆಯೇ. ಮಳೆ ಬರಲಿ, ಜ್ವರ ಬರಲಿ, ಏಕಾದಶಿಯಾಗಲಿ, ಒಂದೇ ಒಂದು ಕೆಲಸ ತಪ್ಪುವುದಿಲ್ಲ. ಮಾವನ ಪೂಜೆ ಮುಗಿದ ಮೇಲೆ ದೇವರ ಕೋಣೆಯ ಹೊಸ್ತಿಲ ಹೊರಗೆ ನಿಂತು ತೀರ್ಥಕ್ಕೆ ಕೈ ಒಡ್ಡುವುದು.

ನಾನು ಮೂವತ್ತು ವರ್ಷದಿಂದ ದಿನವೂ ಆ ಕೈಗೆ ತೀರ್ಥ ಹಾಕುತ್ತಿದ್ದೇನೆ. ನನಗೆ ಇದು ಹೊಳೆದಿರಲಿಲ್ಲ.

ಡಬ್ಬಿ ಆ ಹೊಸ್ತಿಲ ಪಕ್ಕದ ಗೂಡಿಗೆ ಬರಬೇಕು ಎಂದಳು ಸುಮನಾ. ನನ್ನೊಳಗಿನ ಮಡಿವಂತ ಸ್ವಲ್ಪ ತಡೆದ. ಔಷಧಾಲಯದ ಪ್ಲಾಸ್ಟಿಕ್ಕು, ಯಾರು ಯಾರು ಮುಟ್ಟಿದ್ದೋ, ದೇವರ ಕೋಣೆಯ ಬಳಿಗೆ. ಹೊಸ್ತಿಲ ಒಳಗಲ್ಲ, ಹೊರಗೆ ತಾನೆ ಎಂದು ಆ ಮಡಿವಂತನನ್ನು ನಾನೇ ಸಮಾಧಾನ ಮಾಡಿದೆ. ಹಣೆಯ ಗಾಯವನ್ನು ನೆನೆದರೆ ಅವನ ವಾದ ದುರ್ಬಲವಾಗುತ್ತಿತ್ತು. ಡಬ್ಬಿಯಲ್ಲಿ ಒತ್ತಡದ ಮಾತ್ರೆ ಒಂದೇ ಇರಲಿ, ಶಕ್ತಿಯವು ಊಟದ ಕೋಣೆಯಲ್ಲಿಯೇ ಎಲೆಯ ಚಿತ್ರದೊಡನೆ ಉಳಿಯಲಿ, ಏಕಾದಶಿಗೆ ಅವು ತಪ್ಪಿದರೆ ಅಡ್ಡಿಯಿಲ್ಲವೆಂದು ವೈದ್ಯೆಯೂ ಒಪ್ಪಿದರು.

ಸುಮನಾ ಚಿತ್ರ ಬರೆದು ತಂದಳು. ತಾಮ್ರದ ಬಣ್ಣದ ಒಂದು ಉದ್ಧರಣೆ, ತೀರ್ಥ ಹಾಕುವ ನಮ್ಮ ಸಣ್ಣ ಚಮಚ. ಅದರ ಕೆಳಗೆ ಗುಳಿ ಮಾಡಿ ಒಡ್ಡಿದ ಬಲಗೈ. ಬೆರಳುಗಳ ಬದಿಯಲ್ಲಿ ಒಂದು ತುಳಸಿದಳ. ಅಂಗೈಯ ನಡುವೆ ಬಿಳಿ ಮಾತ್ರೆ, ಉದ್ಧರಣೆಯಿಂದ ಬೀಳುವ ಮೂರು ಹನಿಗಳು. ಕೈಯಲ್ಲಿ ಸುಕ್ಕುಗಳಿದ್ದವು. ಅದು ಅಕ್ಕನದೇ ಕೈ. ಅವಳಿಗೆ ತಿಳಿಯದಂತೆ ಫೋಟೋ ತೆಗೆದು, ಅದನ್ನು ನೋಡಿ ಬರೆದಿದ್ದಳು.

ನಾನು ಬಹಳ ಹೊತ್ತು ನೋಡಿದೆ. ಕೆಳಗೆ ಧನ್ವಂತರಿಯ ಹೆಸರನ್ನಾದರೂ ಬರೆಯೋಣವೆಂದು ಬಾಯಿಯವರೆಗೆ ಬಂದಿತ್ತು. ನನ್ನ ಮುಖ ಕಂಡೇ ಸುಮನಾ ಅದನ್ನು ಊಹಿಸಿದಳು. ಅಕ್ಷರ ಕಂಡರೆ ದೊಡ್ಡತ್ತೆ ತಾನು ನೋಡುವುದನ್ನು ಬಿಟ್ಟು ನಿಮ್ಮನ್ನು ಓದಲು ಕರೆಯುತ್ತಾರೆ ಎಂದಳು. ಅಕ್ಷರವಿಲ್ಲದ ಕಾಗದವೊಂದಕ್ಕೆ ನಾನು ಜೀವಮಾನದಲ್ಲಿ ಮೊದಲ ಸಲ ಒಪ್ಪಿಗೆ ಕೊಟ್ಟೆ. ಆದರೆ ಒಂದು ತಿದ್ದುಪಡಿ ನನ್ನಿಂದಲೂ ಆಯಿತೆಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಉಳಿದ ದಿನ ತೀರ್ಥ ಮೂರು ಸಲ. ನಮ್ಮ ಮನೆಯ ಸಂಪ್ರದಾಯದಲ್ಲಿ ಏಕಾದಶಿಗೆ ಒಂದೇ ಸಲ. ಮೂರು ಹನಿಯಿದ್ದರೆ ಆ ದಿನ ಅಕ್ಕ ಚಿತ್ರದ ಮುಂದೆ ನಿಂತು, ಇದು ಇಂದಿನದಲ್ಲವೆಂದು ಹಿಂದಿರುಗುವುದು ಖಂಡಿತ. ಮೂರರಲ್ಲಿ ಒಂದಿರುತ್ತದೆ, ಒಂದರಲ್ಲಿ ಮೂರಿರುವುದಿಲ್ಲ. ಸುಮನಾ ಎರಡು ಹನಿಗಳನ್ನು ಅಳಿಸಿದಳು. ಅಳಿಸುವಾಗ ನನ್ನನ್ನು ಒಮ್ಮೆ ನೋಡಿದ ನೋಟದಲ್ಲಿ ಸ್ವಲ್ಪ ಗೌರವವಿತ್ತೆಂದು ನನ್ನ ನಂಬಿಕೆ.

ದಶಮಿಯ ರಾತ್ರಿ ಅಕ್ಕ ಮಲಗಿದ ಮೇಲೆ ಸುಮನಾ ಚಿತ್ರವನ್ನು ಡಬ್ಬಿಗೆ ಹಚ್ಚಿ ಹೊಸ್ತಿಲ ಪಕ್ಕದ ಗೂಡಿನಲ್ಲಿಟ್ಟಳು. ಏಕಾದಶಿ ಬಂತು. ನಾವು ಮೂವರೂ ಮಾತಾಡಿಕೊಂಡಿದ್ದೆವು. ಯಾರೂ ನೆನಪಿಸಬಾರದು. ನೆನಪಿಸಿದರೆ ಚಿತ್ರ ಮಾಡಿದ ಕೆಲಸವೋ ನಾವು ಮಾಡಿದ್ದೋ ತಿಳಿಯುವುದಿಲ್ಲ. ಮಗ ಶಾಲೆಗೆ ಹೋಗುವ ಮೊದಲು ಎರಡು ಸಲ ಚಪ್ಪಲಿ ಹುಡುಕಿದ. ಸುಮನಾ ಬೆಳಗಿದ ಹರಿವಾಣವನ್ನೇ ಮತ್ತೆ ಬೆಳಗುತ್ತಿದ್ದಳು. ನನ್ನ ಪೂಜೆಯಲ್ಲಿ ಆ ದಿನ ಎಷ್ಟು ಮಂತ್ರಗಳು ಲೋಪವಾದವೋ ಭಗವಂತನಿಗೇ ಗೊತ್ತು. ಮಂಗಳಾರತಿಯಾಯಿತು. ಅಕ್ಕ ಬಂದು ಹೊಸ್ತಿಲ ಹೊರಗೆ ನಿಂತು ಕೈ ಒಡ್ಡಿದಳು. ಒಂದು ಸಲ ತೀರ್ಥ ಹಾಕಿದೆ. ಆಕೆ ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಒರಸಿಕೊಂಡು, ಗೂಡಿನ ಕಡೆ ನೋಡಿದಳು.

ನೋಡುತ್ತಲೇ ನಿಂತಳು. ಆಮೇಲೆ ತನ್ನ ಬಲಗೈಯನ್ನು ಚಿತ್ರದ ಹತ್ತಿರ ಹಿಡಿದು, ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದಳು. ಡಬ್ಬಿ ತೆರೆದು ಮಾತ್ರೆಯೊಂದನ್ನು ತೆಗೆದು ಅಂ‌ಗೈಯಲ್ಲಿಟ್ಟು, ಮತ್ತೆ ನನ್ನ ಮುಂದೆ ಕೈ ಒಡ್ಡಿದಳು. ಏಕಾದಶಿಗೆ ಎರಡನೆಯ ತೀರ್ಥವಿಲ್ಲ. ನಾನು ಉದ್ಧರಣೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಆಕೆಗೆ ಬೇಕಾದದ್ದು ತೀರ್ಥವಾಗಿರಲಿಲ್ಲ.

“ಒಂದ್ ಕುಡಿ ತುಳಸಿ ಹಾಕ್, ಸಾಕ್. ನೀರ್ ನಾನ್ ಒಳಗೆ ಕುಡಿತೆ.”

ದೇವರ ಪಾದದ ಮೇಲಿದ್ದ ಒಂದು ದಳವನ್ನು ತೆಗೆದು ಮಾತ್ರೆಯ ಮೇಲಿಟ್ಟೆ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ತಂಬಿಗೆಯಿಂದ ನೀರು ಗಂಟಲಿಗಿಳಿಯುವ ಸದ್ದು ನಮಗೆಲ್ಲ ಕೇಳಿಸಿತು. ಹರಿವಾಣ ಬೆಳಗುವ ಸದ್ದು ನಿಂತಿತು. ಅಕ್ಕ ಹಿಂದಿರುಗಿ ಬಂದು, ಚಿತ್ರದ ಕೈಯ ಉಗುರು ಬೆಳೆದಿದೆ, ತನ್ನದು ಹಾಗೆ ಯಾವಾಗ ಇತ್ತು, ವ್ರತ ಹಿಡಿದವಳಿಗೆ ಇದು ಶೋಭೆಯಲ್ಲವೆಂದು ಸುಮನಾಳನ್ನು ಗದರಿಸಿದಳು. ಆ ಸಂಜೆಯೇ ಸುಮನಾ ಕಂಪ್ಯೂಟರಿನಲ್ಲಿ ಐದೂ ಉಗುರುಗಳನ್ನು ಕತ್ತರಿಸಿದಳಂತೆ.

ಮರುದಿನ ದ್ವಾದಶಿ. ನಸುಕಿನಲ್ಲಿ ಮಳೆ ಬಿಟ್ಟಿತ್ತು. ನಾನು ಜಗಲಿಯ ಕಂಬವನ್ನು ಹಿಡಿದು ನಿಂತಿದ್ದೆ. ಅಕ್ಕ ತುಳಸಿಗೆ ನೀರೆರೆದು, ದೀಪವಿಟ್ಟು, ಪ್ರದಕ್ಷಿಣೆ ಹೊರಟಳು. ಮೊದಲನೆಯ ಸುತ್ತು. ಎರಡನೆಯ ಸುತ್ತಿನಲ್ಲಿ ಕಟ್ಟೆಯ ಆಚೆ ಬದಿಗೆ ಹೋದವಳು ಒಂದು ಕ್ಷಣ ಕಾಣಿಸಲಿಲ್ಲ. ನನ್ನ ಕಾಲು ಈ ಸಲ ತಾನಾಗಿ ಮೆಟ್ಟಿಲಿಳಿಯಿತು. ಅಷ್ಟರಲ್ಲಿ ಆಕೆ ಈಚೆ ಬದಿಗೆ ಬಂದು, ಅಂಗಳದ ಕೆಸರಿನಲ್ಲಿ ಬರಿಗಾಲಲ್ಲಿ ನಿಂತ ನನ್ನನ್ನು ಕಂಡು, ಪಾರಣೆಗೆ ಅಷ್ಟು ಹಸಿವೆಯಾದರೆ ಒಳಗೆ ಹೋಗಿ ಕೂತುಕೋ, ತನ್ನದು ಇನ್ನೊಂದು ಸುತ್ತು ಇದೆ ಎಂದಳು.